ಖಾರವಿಲ್ಲದ ಖಾರಿ

"ಇದಲ್ರೀ ಅಕ್ಕಾರ, ಖಾರಿ ಕೊಡ್ರೀ, ಖಾರಿ!"

ಕಾಡುಗೋಡಿಯ ನಮ್ಮ ಬೇಕರಿಯಲ್ಲಿ, ಕಟ್ಟಡ ಕೆಲಸದ ತುಂಬು ಬಸುರಿಯೊಬ್ಬಳು ನಾನು ಕೊಟ್ಟ ಖಾರಾ ಬಿಸ್ಕತ್ತು ಕಚ್ಚಿ ಮುಖ ಕಿವಿಚಿದಳು. "ಖಾರ ಇರಂಗಿಲ್ರೀ ಅದು. ಪದರ ಪದರ ಇರ್ತೈತಿ, ಚಾದಾಗ ಅದ್ದಿ ತಿಂತೇವಿ."

ನನಗೆ ತಲೆಬುಡ ತಿಳಿಯಲಿಲ್ಲ. "ಪಫ್ಸ್ ಅಂಚು ಉಳ್ದಿದೆ ಕಣೇ, ಅದನ್ನೇ ಬೇಯಿಸ್ತೀನಿ ಇರು" ಎಂದ ನನ್ನ ಗಂಡ, ಎಸೆಯಬೇಕಿದ್ದ ಹಿಟ್ಟಿನ ತುಂಡುಗಳನ್ನು ಓವನ್ನಿಗೆ ತಳ್ಳಿದರು. ಅವು ಗರಿಗರಿಯಾಗುವವರೆಗೂ ಅವಳು ಕೂರಲಿಲ್ಲ. ಬಾಗಿಲಿಗೂ ರಸ್ತೆಗೂ ಓಡಾಡಿದಳು. ಆಮೇಲೆ ಒಂದನ್ನು ಚಹಾದಲ್ಲಿ ಅದ್ದಿ, ನಿಂತೇ ತಿಂದು, "ನಮ್ಮೂರ ಬಸ್‌ಸ್ಟ್ಯಾಂಡ್ ವಾಸನಿ ಬಂತ್ ನೋಡ್ರೀ" ಎಂದಳು.

ಮತ್ತೆ ಬರಲಿಲ್ಲ. ಹೆರಿಗೆ ಎಲ್ಲಾಯಿತೋ ಗೊತ್ತಿಲ್ಲ. ಈಗ ದಿನವೂ ಖಾರಿ ಮಾಡುತ್ತೇವೆ. ಯಾರಾದರೂ ಹೆಂಗಸು ಆ ಹೆಸರು ಹಿಡಿದು ಕೇಳಿದರೆ, ಮುಖಕ್ಕಿಂತ ಮೊದಲು ಕಂಕುಳಲ್ಲಿ ಮಗುವಿದೆಯಾ ಎಂದು ನೋಡುತ್ತೇನೆ.