ವೆಬ್‌ಸೈಟಿಗಾಗಿ ಕೂಡಿದ ಪಂಚಾಯ್ತಿ

“ನನ್ನ ಮಕ್ಕಳ ಮನಿ ಒಡಿಯಾಕ ಬಂದೀ ಏನೋ ತಮ್ಮಾ?” ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಕಲ್ಲೋಳಿಯ ಆ ತಾಯಿ ಒಳಗಿನಿಂದ ಬಂದು ನನ್ನ ಮುಂದೆ ನಿಂತರು.

ಗೋಕಾಕಿನಿಂದ ನಾನು ಹೋಗಿದ್ದು ಅವರ ಇಬ್ಬರು ಗಂಡುಮಕ್ಕಳ ಬೆಲ್ಲದ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಕೊಡಲು. ಎರಡು ದಾರಿಗಳಿವೆ ಎಂದು ವಿವರಿಸುತ್ತಿದ್ದೆ. ಮಾಮೂಲಿ ಪದ್ಧತಿಯಲ್ಲಾದರೆ ಬರಹ, ಚಿತ್ರ, ಪುಟ ಎಲ್ಲವೂ ಒಂದೇ ಸೂರಿನಡಿ. ‘ಹೆಡ್‌ಲೆಸ್’ ಆದರೆ ಸಾಮಾನೆಲ್ಲ ಒಂದು ಕಡೆ, ಜನರಿಗೆ ಕಾಣುವ ಪುಟ ಇನ್ನೊಂದು ಕಡೆ. “ಈಗಲೇ ಬೇರೆ ಮಾಡಿಬಿಟ್ಟರೆ ಮುಂದೆ ತಂಟೆಯಿಲ್ಲ” ಎಂದಿದ್ದೇ ತಪ್ಪಾಯಿತು.

ತಾಯಿಯ ದನಿ ಕೇಳಿ ನೋಡನೋಡುತ್ತ ಓಣಿಯ ಹಿರಿಯರು ಕಟ್ಟೆಗೆ ಬಂದು ಕೂತರು. ಲ್ಯಾಪ್‌ಟಾಪನ್ನು ನಡುವೆ ಇಡಿಸಿ, ಎರಡೂ ಪದ್ಧತಿಗಳನ್ನು ನನ್ನಿಂದ ಮತ್ತೆ ಹೇಳಿಸಿ, ಎಲೆಯಡಿಕೆ ಹಾಕಿಕೊಂಡು ತೀರ್ಪು ಕೊಟ್ಟರು: “ಎಲ್ಲಾ ಕೂಡೇ ಇರ್ಲಿ. ಒಲಿ ಎರಡಾಗೂದು ಬ್ಯಾಡ.” ತಾಯಿ ಕಣ್ಣೊರೆಸಿಕೊಂಡು ನನಗೂ ರೊಟ್ಟಿ ಬಡಿಸಿದರು.

ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಕಿರಿಯ ಮಗ ಮೆಲ್ಲಗೆ ಕೇಳಿದ: “ನಾನೂ ಅಣ್ಣಾನೂ ಬ್ಯಾರೆ ಆಗೂ ವಿಚಾರದಾಗ ಇದ್ದದ್ದು ಖರೆ. ಅವ್ವಗ ಯಾರು ಹೇಳಿದ್ರರಿ?”

ವೆಬ್‌ಸೈಟ್ ಈಗಲೂ ಒಂದೇ ಸೂರಿನಡಿ ಇದೆ, ಗಿರಾಕಿಗಳು ಹೆಚ್ಚಾದಾಗ ಏದುಸಿರು ಬಿಡುತ್ತದೆ. ಬೇರೆ ಮಾಡೋಣ ಎನ್ನುವ ಧೈರ್ಯ ನನಗೂ ಇಲ್ಲ, ಆ ಅಣ್ಣತಮ್ಮಂದಿರಿಗೂ ಇಲ್ಲ.