ಬ್ರೇಕಿಗೆ ಎಣ್ಣೆ ಸವರಿದ ವರ್ಷ

ನಮ್ಮ ಕಾರಿನ ಮುಂಗಾಜಿನ ಎಡಮೂಲೆಯಲ್ಲಿ ಒಂದು ತಾರೀಖು ಇದೆ. ಬಿಳಿ ಬಣ್ಣದಲ್ಲಿ, ಸಣ್ಣ ಬ್ರಷ್ಷಿನಿಂದ ನಾನೇ ಬರೆದದ್ದು. ಕಾನ್ವೆಂಟಿನ ಸಿಸ್ಟರ್ ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ನನ್ನ ದುಂಡು ಅಕ್ಷರ ಅಡುಗೆಮನೆಯ ಡಬ್ಬಿಗಳನ್ನು ಬಿಟ್ಟು ಹೊರಗೆ ಬಂದಿದ್ದು ಅಲ್ಲಿಯೇ. ಕಾರಿನ ಎಫ್‌ಸಿ ಯಾವತ್ತಿನವರೆಗೆ ಎಂದು ಹೇಳುವ ತಾರೀಖು ಅದು. ಟ್ಯಾಕ್ಸಿಗೆ ವಯಸ್ಸಾದ ಮೇಲೆ ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ದು, ಇದು ಇನ್ನೂ ರಸ್ತೆಯ ಮೇಲೆ ಓಡಬಹುದು ಅನ್ನಿಸಿಕೊಂಡು ಬರಬೇಕು.

ಅದು ಕರೆಂಟಿನ ಕಾರು. ಹಸಿರು ಬೋರ್ಡು, ಹಳದಿ ಅಕ್ಷರ. ಬೆಂಗಳೂರಿನಲ್ಲಿ ಯಾರದೋ ಕೈಯಲ್ಲಿ ಎಂಟು ವರ್ಷ ಬಾಡಿಗೆಗೆ ಓಡಿದ್ದನ್ನು ನಮ್ಮ ಮನೆಯವರು ತಂದಿದ್ದರು. ಇಟ್ಟುಕೊಂಡ ಡ್ರೈವರ್ ಮೂರೇ ತಿಂಗಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಕೀಲಿ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ದಿನಾ ದೀಪ ಹಚ್ಚುವಾಗ ಅದನ್ನು ನೋಡಿ ನೋಡಿ, ಒಂದು ದಿನ ತೆಗೆದುಕೊಂಡೆ. ಓಡಿಸಲು ಕಲಿತು ಲೈಸೆನ್ಸು ಸಿಕ್ಕ ಮೇಲೆ ನಮ್ಮ ನಿಜಲಿಂಗಪ್ಪ ಬಡಾವಣೆಯ ಮೂವರು ಟೀಚರುಗಳನ್ನು ಬೆಳಿಗ್ಗೆ ಹರಿಹರದ ಶಾಲೆಗೆ ಬಿಡುವುದು, ಸಂಜೆ ಕರೆತರುವುದು ನನ್ನ ಕೆಲಸವಾಯಿತು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನನ್ನದು ಅಂತ ಇದ್ದ ಮೊದಲ ಕೆಲಸ.

ಹೋದ ವರ್ಷ ಎಫ್‌ಸಿಯಲ್ಲಿ ಕಾರು ಫೇಲಾಯಿತು. ಬ್ರೇಕ್ ಒತ್ತಿದ ಕೂಡಲೇ ಎಡಕ್ಕೆ ಎಳೆಯುತ್ತಿತ್ತು. ರಿಪೇರಿ ಮಾಡಿಸಿ ಮತ್ತೆ ತೋರಿಸುವವರೆಗೆ ನಾಲ್ಕು ದಿನ ಟೀಚರುಗಳು ಬಸ್ಸಿನಲ್ಲಿ ನಿಂತು ಹೋದರು. ಮನೆಯವರು ಬೈಯಲಿಲ್ಲ, ಅವರು ಬೈಯುವವರಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ ಒಂದು ಮಾತು ಅಂದರು, ಅಷ್ಟೇ.

“ಬರೋ ವರ್ಷಾನೂ ಹಿಂಗಾದ್ರೆ ಮಾರಿಬಿಡಾಣ. ಕೇಳೋರೂ ಒಬ್ರು ಅದಾರೆ.”

ಆ ‘ಕೇಳೋರು’ ವರ್ಷವಿಡೀ ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಲೇ ಇದ್ದರು.

ಈ ಸಲ ಎಫ್‌ಸಿಗೆ ಎರಡು ವಾರ ಇರುವಾಗ ಕಾರು ತೊಳೆಯುತ್ತಿದ್ದೆ. ಚಕ್ರದ ಸಂದಿಯಿಂದ ಬ್ರೇಕಿನ ತಟ್ಟೆ ಕಾಣುತ್ತದೆ. ಅದರ ಮೇಲೆ ಕಂದು ಬಣ್ಣದ ತುಕ್ಕು. ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಕಾರು ನಿಂತೇ ಇತ್ತಲ್ಲ. ರೊಟ್ಟಿ ಹೆಂಚನ್ನು ನಾಲ್ಕು ದಿನ ಒಲೆಗೆ ಏರಿಸದಿದ್ದರೆ ಹಿಡಿಯುತ್ತದಲ್ಲ, ಥೇಟ್ ಅದೇ ತುಕ್ಕು. ಹೆಂಚಿಗೆ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ತೆಂಗಿನ ನಾರಿನಿಂದ ತಿಕ್ಕಿ, ಬಟ್ಟೆಯ ತುದಿಗೆ ಶೇಂಗಾ ಎಣ್ಣೆ ಅದ್ದಿ, ಕೈ ಹೋಗುವಷ್ಟು ದೂರ ತೆಳ್ಳಗೆ ಸವರಿದೆ. ಎರಡು ತಟ್ಟೆಯೂ ಮಿರಮಿರ ಮಿಂಚಿದವು. ನನಗೋ ಭಾರೀ ಸಮಾಧಾನ.

ಮರುದಿನ ಮನೆಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲೇ ಇಲ್ಲ. ಪುಣ್ಯಕ್ಕೆ ಒಳಗೆ ನಾನೊಬ್ಬಳೇ ಇದ್ದೆ. ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ಗುಡ್ಡೆಗೆ ಮೂತಿ ಹೂತು, ಸದ್ದಿಲ್ಲದೆ ನಿಂತಿತು. ಹಣೆಯ ಬೆವರಿಗೆ ಕುಂಕುಮ ಮೂಗಿನವರೆಗೆ ಇಳಿದಿತ್ತು.

ನಿಟ್ಟುವಳ್ಳಿಯ ಮೆಕ್ಯಾನಿಕ್ ಬಂದು ಚಕ್ರ ಬಿಚ್ಚಿ, ತಟ್ಟೆಗೆ ಬೆರಳು ತಾಗಿಸಿ ಮೂಸಿ ನೋಡಿದರು. ನಮ್ಮ ಮಾವನವರ ಕಾಲದಿಂದ ನಮ್ಮ ಗಾಡಿಗಳನ್ನು ನೋಡುತ್ತಿರುವ ವಯಸ್ಸಾದವರು.

“ಏನವ್ವಾ, ಒಗ್ಗರಣೆ ಹಾಕಿದಿಯೋ ಏನು?”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ನಗುತ್ತಲೇ ಎಲ್ಲ ಒರೆಸಿ ತೊಳೆದು, ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ಕಿತ್ತು ಹೊಸವನ್ನು ಕೂಡಿಸಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾ ತಿಳಿಸಿ ಹೇಳಿದರು. ಈ ಕಾರು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮೋಟಾರೇ ಹಿಡಿದುಕೊಂಡು ನಿಧಾನವಾಗುತ್ತದೆ. ಬ್ರೇಕಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ್ದಕ್ಕೆ ತುಕ್ಕು ಹಿಡಿಯುತ್ತದೆ. ಹೋದ ವರ್ಷ ಫೇಲಾಗಿದ್ದೂ ಅದಕ್ಕೇ.

“ಎಣ್ಣಿ ಬ್ಯಾಡವ್ವ ಅದಕ್ಕೆ. ದಿನಾ ಖಾಲಿ ರಸ್ತೆ ನೋಡ್ಕಂಡು, ನ್ಯೂಟ್ರಲ್‌ಗೆ ಹಾಕಿ, ಒಂದ್ಹತ್ತು ಸಲ ಜೋರಾಗಿ ಬ್ರೇಕ್ ಒತ್ತು. ತಾನೇ ಹೊಳಿತೈತೆ.”

ಹತ್ತು ದಿನ ಅದೇ ಮಾಡಿದೆ. ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಎದ್ದು, ಬಡಾವಣೆಯ ಕೊನೆಯ ಖಾಲಿ ರಸ್ತೆಯಲ್ಲಿ ಓಡಿಸುವುದು, ಒತ್ತುವುದು, ಓಡಿಸುವುದು, ಒತ್ತುವುದು. ಆ ಅಭ್ಯಾಸ ಕಾಲಿಗೆ ಎಷ್ಟು ಹತ್ತಿತೆಂದರೆ ಹರಿಹರದ ದಾರಿಯಲ್ಲೂ ಕಾಲು ಬ್ರೇಕಿಗೇ ಹೋಗುತ್ತಿತ್ತು. ಹಿಂದೆ ಕೂತ ಮೂವರ ತಲೆಗಳೂ ಒಟ್ಟಿಗೆ ಬಾಗಿ ಏಳುತ್ತಿದ್ದವು. ಗಣಿತದ ಟೀಚರು, ಇವತ್ತಿಗೆ ಹನ್ನೊಂದು ನಮಸ್ಕಾರ ಆಯ್ತು, ಇನ್ನು ಯಾವ ದೇವರು ಉಳಿದಿದ್ದಾನೆ ಎಂದು ಕೇಳಿದರು. ಚಕ್ರದ ಸಂದಿಯಲ್ಲಿ ದಿನಾ ಬಗ್ಗಿ ನೋಡುತ್ತಿದ್ದೆ. ಕಂದು ಹೋಗಿ ಬೂದು, ಬೂದು ಹೋಗಿ ಬೆಳ್ಳಿ.

ಎಫ್‌ಸಿಯ ದಿನ ಸಾಲಿನಲ್ಲಿ ನಾನೊಬ್ಬಳೇ ಹೆಂಗಸು. ಹಿಂದಿದ್ದ ಲಗೇಜ್ ಆಟೋದವನು ಇಳಿದು ಬಂದು, “ಅಕ್ಕಾರೆ, ಗಾಡಿ ಚಾಲೂ ಐತೋ, ಇಲ್ಲ ತಳ್ಳಬೇಕೋ?” ಅಂದ. ಚಾಲೂ ಇತ್ತು. ನನ್ನ ಎದೆಯೇ ಅದಕ್ಕಿಂತ ಜಾಸ್ತಿ ಸದ್ದು ಮಾಡುತ್ತಿತ್ತು.

ಬ್ರೇಕ್ ಇನ್ಸ್‌ಪೆಕ್ಟರು ಹಾರನ್, ಲೈಟು, ವೈಪರ್, ಸೀಟ್ ಬೆಲ್ಟು, ಔಷಧಿ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಹೊಗೆ ತಪಾಸಣೆಯ ಕಾಗದ ಬೇಕಿಲ್ಲ. ಆ ಒಂದು ವಿಷಯದಲ್ಲಿ ನಮ್ಮದು ಹುಟ್ಟಾ ಪಾಸು. ಕೊನೆಗೆ ತಾವೇ ಕೂತು ಬಯಲಿನ ಆ ತುದಿಯವರೆಗೆ ಓಡಿಸಿ, ತಿರುಗಿಸಿಕೊಂಡು ಬಂದು, ನನ್ನ ಕಣ್ಣೆದುರಿಗೇ ಬ್ರೇಕ್ ಒತ್ತಿದರು. ಕಾರು ನೆಟ್ಟಗೆ, ಇದ್ದಲ್ಲೇ ನಿಂತಿತು. ಮಣ್ಣಿನ ಮೇಲೆ ಎರಡು ಗೆರೆ. ಎರಡೂ ಒಂದೇ ಉದ್ದ, ಸ್ಕೇಲು ಹಿಡಿದು ಎಳೆದ ಹಾಗೆ.

“ಬ್ರೇಕ್ ಭಾಳ ಚೆನ್ನಾಗೈತಲ್ರಿ. ಯಾರು ಓಡಿಸೋದು ಇದನ್ನ?”

“ನಾನೇ ರೀ.”

ಅವರು ನನ್ನನ್ನೊಮ್ಮೆ, ಗೆರೆಗಳನ್ನೊಮ್ಮೆ ನೋಡಿ ಕಾಗದಕ್ಕೆ ಸಹಿ ಹಾಕಿದರು. ಆಟೋದವನು ಚಪ್ಪಾಳೆ ತಟ್ಟಿದ.

ಸಂಜೆ ಹರಿಹರದ ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಟೀಚರುಗಳು ಮೂವರೂ ಕಾರಿನ ಹತ್ತಿರ ಬಂದು, ಸಾಲಾಗಿ ನಿಂತು, ಹನ್ನೆರಡನೆಯ ನಮಸ್ಕಾರ ಹಾಕಿದರು.

ಮನೆಗೆ ಬಂದು ಹಳೆಯ ತಾರೀಖನ್ನು ಬ್ಲೇಡಿನಿಂದ ಕೆರೆದು ಹೊಸದನ್ನು ಬರೆಯಲು ಕೂತೆ. ಮನೆಯವರು ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಫೋನು ಬಂತು. ಆಚೆ ಕಡೆಯವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಮನೆಯವರು ಡಬ್ಬಿಯನ್ನು ಕೆಳಗಿಡದೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು.

“ಇಲ್ಲಪ್ಪ, ಕೊಡಲ್ಲ. ಓಡಿಸೋರು ಅದಾರೆ.”

ನಾನು ಬ್ರಷ್ಷನ್ನು ಬಣ್ಣಕ್ಕೆ ಅದ್ದಿ, ಹೊಸ ವರ್ಷದ ಅಂಕಿಯನ್ನು ಹಳೆಯದಕ್ಕಿಂತ ಒಂದು ಸುತ್ತು ದೊಡ್ಡದಾಗಿ ಬರೆದೆ.