ಟಿಬಿಲಿಸಿಯ ಇಗರ್ಜಿಯಲ್ಲಿ ಅತ್ತೆಯ ತಕರಾರು

ಟಿಬಿಲಿಸಿ ಯುರೋಪಿನಲ್ಲಿದೆಯೋ ಏಷ್ಯಾದಲ್ಲಿದೆಯೋ ಎಂಬ ವಾದ ಎದ್ದಾಗಲೆಲ್ಲ ನಾನು ಯುರೋಪಿನ ಪಕ್ಷ. ಕಾರಣ ಭೂಗೋಳವಲ್ಲ, ಮರ್ಯಾದೆ. ದುಬೈಯ ಅಲ್ ಕುಸೈಸ್‌ನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ "ಈದ್ ರಜೆಗೆ ಯುರೋಪಿಗೆ ಹೊರಟಿದ್ದೇವೆ" ಎಂದು ಹೇಳಿ ಆಗಿತ್ತು. ಪ್ಯಾರಿಸ್ಸಿಗೋ ರೋಮ್‌ಗೋ ಹೋಗಬೇಕಾದರೆ ವೀಸಾ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು, ಉಸಿರು ಬಿಗಿಹಿಡಿದು ಕಾಯಬೇಕು. ಜಾರ್ಜಿಯಾದವರು ಮಾತ್ರ ದುಬೈಯ ರೆಸಿಡೆನ್ಸ್ ವೀಸಾ ಇದ್ದರೆ ಸಾಕು, ಬನ್ನಿ ಎನ್ನುತ್ತಾರೆ. ಹಾಗಾಗಿ ಅವರ ರಾಜಧಾನಿ ಟಿಬಿಲಿಸಿಯೇ ನಮ್ಮಂಥವರ ಪ್ಯಾರಿಸ್. ಈದ್ ಸಮಯದಲ್ಲಿ ಅಲ್ಲಿನ ಹಳೇ ಪೇಟೆಯಲ್ಲಿ ನಡೆದರೆ ಮಲಯಾಳ, ಹಿಂದಿ, ನಮ್ಮ ತುಳು ಎಲ್ಲವೂ ಕಿವಿಗೆ ಬೀಳುತ್ತವೆ. ಜಾರ್ಜಿಯನ್ ಭಾಷೆ ಕೇಳಬೇಕಾದರೆ ಚರ್ಚಿಗೆ, ಅಂದರೆ ನಮ್ಮೂರಿನ ಮಾತಿನ ಇಗರ್ಜಿಯೊಳಗೇ ಹೋಗಬೇಕು.

ಹೋದೆವು. ನಾನು, ಗಂಡ ಸುಧೀರ, ಮತ್ತು ಅತ್ತೆ.

ಅತ್ತೆಯ ಬಗ್ಗೆ ಹೇಳಲೇಬೇಕು. ಮಾವ ತೀರಿಕೊಂಡ ಮೇಲೆ ಉಡುಪಿಯಿಂದ ಅವರನ್ನು ದುಬೈಗೆ ಕರೆತಂದು ನಮ್ಮ ಜೊತೆಗೇ ಇರಿಸಿಕೊಂಡಿದ್ದೆವು. ಅದಕ್ಕೆ ಮೊದಲು ಅವರದು ನಿಲ್ಲದ ಮಾತು. ಫೋನಿನಲ್ಲಿ ಅವರು ಮೀನಿನ ವ್ಯಾಪಾರದ ಕಥೆ ಹೇಳುವಾಗ ನಾನು ಫೋನ್ ಮೇಜಿನ ಮೇಲಿಟ್ಟು ಪಾತ್ರೆ ತೊಳೆದು ಬಂದರೂ ಅವರಿನ್ನೂ ಬಂಗುಡೆ ಮೀನಿನಿಂದ ಅಂಜಲ್ ಮೀನಿಗೆ ಬಂದಿರುತ್ತಿರಲಿಲ್ಲ. ಈಗ ಎಲ್ಲದಕ್ಕೂ "ಹ್ಞೂಂ", ಇಲ್ಲವೇ "ಬೇಡ". ಅಡುಗೆಮನೆಗೆ ಕಾಲಿಟ್ಟರೆ "ನೀವು ಕೂತ್ಕೊಳ್ಳಿ ಅತ್ತೆ" ಎನ್ನುತ್ತಿದ್ದೆ ನಾನು. ಅವರು ಕೂರುತ್ತಿದ್ದರು. ದಿನವಿಡೀ ಕಿಟಕಿಯಾಚೆಯ ಮೆಟ್ರೋ ನೋಡುತ್ತಾ. ಸುಧೀರ ಅದನ್ನು ನೋಡಲಾಗದೇ ಈ ಪ್ರವಾಸ ಹೊರಡಿಸಿದ್ದ.

ಟಿಬಿಲಿಸಿಯಲ್ಲಿ ಇಗರ್ಜಿಗಳಿಗೆ ಬರವಿಲ್ಲ. ಬೆಲ್ಲದ ಬಣ್ಣದ ಕಲ್ಲು, ಆಗಷ್ಟೇ ಚೂಪು ಮಾಡಿದ ಪೆನ್ಸಿಲ್ಲಿನಂಥ ಗೋಪುರ. ಒಳಗೆ ಮಂಗಳೂರು ಕಡೆಯ ಇಗರ್ಜಿಗಳಲ್ಲಿರುವ ಹಾಗೆ ಬೆಂಚಿಲ್ಲ. ಜನ ನಮ್ಮ ದೇವಸ್ಥಾನದಂತೆ ನಿಂತೇ ಇರುತ್ತಾರೆ, ಸಂತರ ಪಟಕ್ಕೆ ಮುತ್ತಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಬಾಗಿಲಲ್ಲಿ ನನ್ನ ತಲೆಗೆ ಒಂದು ಸ್ಕಾರ್ಫ್ ಸುತ್ತಿ, ಜೀನ್ಸ್ ಮೇಲೆ ಒಂದು ಬಟ್ಟೆ ಕಟ್ಟಿಸಿದರು. ಅಬುಧಾಬಿಯ ದೊಡ್ಡ ಮಸೀದಿಯಲ್ಲಿ ಅಬಾಯ ಹಾಕಿಸಿದ್ದರು. ಊರಿನ ದೇವಸ್ಥಾನದಲ್ಲಿ ಸುಧೀರನ ಅಂಗಿ ತೆಗೆಸುತ್ತಾರೆ. ದೇವರುಗಳೆಲ್ಲ ಬಟ್ಟೆಯ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೋ! ಅತ್ತೆ ಮಾತ್ರ ಸೀರೆಯ ಸೆರಗನ್ನು ತಲೆಗೆಳೆದುಕೊಂಡು, ಯಾರ ಅಪ್ಪಣೆಗೂ ಕಾಯದೆ ಒಳನಡೆದರು.

ಎರಡನೇ ದಿನ ಹೊಕ್ಕ ಇಗರ್ಜಿ ಬಹಳ ಹಳೆಯದು, ಚಿಕ್ಕದು. ಸುಧೀರ ಹಿಂದಿನ ದಿನ ಓದಿಕೊಂಡಿದ್ದನ್ನೆಲ್ಲ ಒಪ್ಪಿಸುತ್ತಿದ್ದ: ಯಾರು ಕಟ್ಟಿದ್ದು, ಯಾರು ಕೆಡವಿದ್ದು, ಮತ್ಯಾರು ಕಟ್ಟಿದ್ದು. ಮೂಲೆಯಲ್ಲಿ ಒಂದು ಕುಟುಂಬ ಸೇರಿತ್ತು. ಮಗುವಿನ ನಾಮಕರಣ. ಗಡ್ಡದ ಪಾದ್ರಿ ಬರಿಮೈ ಮಗುವನ್ನು ಎತ್ತಿ, ಕಲ್ಲಿನ ತೊಟ್ಟಿಯ ನೀರಿಗೆ ಇಳಿಸಲು ಹೊರಟಿದ್ದರು. ಮಗು ಕಿರುಚಿತು.

"ಚಳಿ ನೀರ್‌ಡ್ ಬಾಲೆನ್ ಮೀಪಾವುನಾ?"

ತಣ್ಣೀರಲ್ಲಿ ಮಗುವನ್ನು ಮೀಯಿಸುದಾ ಎಂದು ಗದರಿದ ಆ ದನಿ ಅತ್ತೆಯದು! ನಾನು ಸೆರಗು ಹಿಡಿಯುವಷ್ಟರಲ್ಲಿ ಅವರು ತೊಟ್ಟಿಯ ಬಳಿ ಇದ್ದರು. ಉಡುಪಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವನ್ನು ಮೀಯಿಸಲು ಅವರಿಗೇ ಕರೆ ಬರುತ್ತಿತ್ತು. ಆ ಅಧಿಕಾರ ಸಮುದ್ರ ದಾಟಿದರೂ ಕೆಳಗಿಳಿದಿರಲಿಲ್ಲ. ಸುಧೀರ ಒಂದು ಕಂಬದ ಹಿಂದೆ ಸರಿದ.

ಪಾದ್ರಿಗೆ ತುಳು ಬರುವುದಿಲ್ಲ, ಆದರೆ ಅಜ್ಜಿಯರ ಗದರಿಕೆ ತಿಳಿಯದ ದೇಶ ಇರಲಿಕ್ಕಿಲ್ಲ. ಅವರು ಗಂಭೀರವಾಗಿ ತೊಟ್ಟಿಯ ಕಡೆ ಕೈ ತೋರಿಸಿದರು, ನೀವೇ ನೋಡಿ ಎಂಬಂತೆ. ಅತ್ತೆ ಬೆರಳ ತುದಿ ಅದ್ದಿದರು. ಮುಖ ಸ್ವಲ್ಪ ಸಣ್ಣದಾಯಿತು. ನೀರು ಹದವಾಗಿ ಬೆಚ್ಚಗಿತ್ತು.

"ಅಡ್ಡಿಲ್ಲ, ಮೀಯಿಸ್ಲಿ," ಎಂದು ನನ್ನ ಕಡೆ ತಿರುಗಿ ಅಪ್ಪಣೆ ಕೊಟ್ಟರು.

ಮಗು ಮೂರು ಸಲ ಮುಳುಗಿ ಎದ್ದು, ಇಡೀ ಗೋಪುರ ಅದುರುವಂತೆ ಅಳತೊಡಗಿತು. ಮಗುವನ್ನು ಇಸಿದುಕೊಂಡ ಎಳೆಯ ಹುಡುಗಿಯ ಕೈಯಲ್ಲಿ ಟವೆಲ್ ಒಂದು ಕಡೆ, ಮಗು ಒಂದು ಕಡೆ. ಅವಳು ದಿಕ್ಕು ತೋಚದೆ ಅತ್ತೆಯನ್ನೇ ನೋಡಿದಳು. ಅತ್ತೆ ಕೈ ಚಾಚಿದರು. ಟವೆಲನ್ನು ಬಿಗಿಯಾಗಿ ಸುತ್ತಿ, ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತಾ ಆಚೀಚೆ ನಡೆದರು. ಅಳು ಬಿಕ್ಕಳಿಕೆಯಾಯಿತು, ಆಮೇಲೆ ಅದೂ ನಿಂತಿತು. ಮಗುವಿನ ಅಜ್ಜಿ ಬಂದು ಅತ್ತೆಯ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಪಾದ್ರಿ ಗಡ್ಡದೊಳಗೇ ನಕ್ಕರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅತ್ತೆಯ ಹೆಗಲು ಒದ್ದೆಯಾಗಿತ್ತು.

"ನಿನ್ನ ಮಾವ ಇದ್ದಿದ್ರೆ ನನ್ನನ್ನು ಅಲ್ಲಿವರೆಗೆ ಹೋಗ್ಲಿಕ್ಕೇ ಬಿಡ್ತಿರಲಿಲ್ಲ ಮಾರಾಯ್ತಿ. ಎಂತ ನಾಚಿಕೆ ಅವರಿಗೆ, ನಾನು ದೊಡ್ಡ ಸ್ವರದಲ್ಲಿ ಮಾತಾಡಿದ್ರೆ!" ಎಂದರು. ನಕ್ಕರು. ನಗುತ್ತಲೇ ಅತ್ತರು. ಮಾವನ ಹೆಸರು ಎತ್ತಿ ಅವರು ಅತ್ತದ್ದು ದುಬೈಗೆ ಬಂದ ಮೇಲೆ ಅದೇ ಮೊದಲು. ಸುಧೀರ ಕೊನೆಗೂ ಕಂಬದ ಹಿಂದಿನಿಂದ ಹೊರಗೆ ಬಂದು ಅಮ್ಮನ ಪಕ್ಕ ಕೂತ.

ಅಷ್ಟು ತಿಂಗಳು ನಾವಿಬ್ಬರೂ ಅವರಿಗೆ ಸಮಾಧಾನ ಹೇಳಿದ್ದೇ ಹೇಳಿದ್ದು. ಅವರಿಗೆ ಬೇಕಾಗಿದ್ದುದು ಸಮಾಧಾನವಲ್ಲ, ಬೈಯಲು ಒಬ್ಬ ಪಾದ್ರಿ.

ಮರುದಿನ ಇನ್ನೊಂದು ಇಗರ್ಜಿಗೆ ಹೋದೆವು. ಹೊಸ್ತಿಲು ದಾಟುವ ಮೊದಲೇ ಅತ್ತೆ ಶುರುಮಾಡಿದರು: ನೆಲ ಸರಿ ಗುಡಿಸಿಲ್ಲ, ಮೇಣ ಎಲ್ಲೆಂದರಲ್ಲಿ ಬಿದ್ದಿದೆ, ಇಷ್ಟು ದೊಡ್ಡ ಮನೆಗೆ ಇಷ್ಟು ಸಣ್ಣ ಕಿಟಕಿ ಯಾರು ಇಡಿಸಿದ್ದು? ಸುಧೀರನಿಗೆ ಇತಿಹಾಸ ಹೇಳಲು ಒಂದು ಸಂದು ಸಿಗಲಿಲ್ಲ. ನಾನಂತೂ ಎಲ್ಲದಕ್ಕೂ "ಹ್ಞೂಂ" ಎಂದೆ.